ನಮ್ಮೂರಿನ ಸುದ್ದಿಗೆ ಈಗ ಹೊಣೆ ಯಾರು?

ಬಸ್‌ಕವರ್ (ಸಿದ್ದಾಪುರ, ಉತ್ತರ ಕನ್ನಡ)

ಎಲ್ಲರಿಗೂ ನಮಸ್ಕಾರ. 1991ರಿಂದ ಹದಿನೇಳು ವರ್ಷ ನಾನು ಒಂದು ದಿನಪತ್ರಿಕೆಗೆ ಈ ತಾಲ್ಲೂಕಿನ ಅರೆಕಾಲಿಕ ವರದಿಗಾರನಾಗಿದ್ದೆ. ಹೊಟ್ಟೆಪಾಡಿಗೆ ಪುಸ್ತಕ, ಪೆನ್ನಿನ ಅಂಗಡಿಯಿತ್ತು. ವರದಿಗಾರಿಕೆಯೆಂಬುದು ಹವ್ಯಾಸಕ್ಕಿಂತ ತುಸು ಹೆಚ್ಚು, ಉದ್ಯೋಗಕ್ಕಿಂತ ಬಹಳ ಕಡಿಮೆ. ಒಂದೇ ಮಗ್ಗುಲಿಗೆ ಬರೆದ ಹಾಳೆಗಳನ್ನು ಮಡಚಿ ಲಕೋಟೆಗೆ ಹಾಕಿ, ಮೇಲೆ ‘ಪ್ರೆಸ್ ಕವರ್, ತುರ್ತು’ ಎಂದು ದಪ್ಪಗೆ ಬರೆದು, ಹುಬ್ಬಳ್ಳಿಯ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟರೆ ರಾತ್ರಿ ಅಲ್ಲಿನ ನಿಲ್ದಾಣದಲ್ಲಿ ಕಚೇರಿಯ ಹುಡುಗ ಅದನ್ನು ಇಸಿದುಕೊಳ್ಳುತ್ತಿದ್ದ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತೆಂದರೆ ಆ ದಿನ ನಮ್ಮ ತಾಲ್ಲೂಕಿನಲ್ಲಿ ಏನೂ ನಡೆದಿಲ್ಲವೆಂದೇ ಲೆಕ್ಕ.

ಒಮ್ಮೆ ನಿಧನದ ಸುದ್ದಿ ಬರೆಯುವಾಗ ತೀರಿಕೊಂಡ ತಮ್ಮನ ಬದಲು ಅಣ್ಣನ ಹೆಸರು ಹಾಕಿಬಿಟ್ಟೆ. ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯಲು ಹೋದಾಗ ಆ ಅಣ್ಣನವರು ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದರು. ಬೈಯಲಿಲ್ಲ. ‘ಸೂತಕದವನು ಅಂಗಡಿಯೊಳಗೆ ಬರುವುದಿಲ್ಲ, ನೀನೇ ಹೊರಗೆ ಬಾ, ನಾನು ಬದುಕಿದ್ದೇನೆ ಎಂದು ಬರೆದುಕೋ’ ಎಂದರು. ಎರಡು ದಿನ ಬಿಟ್ಟು ಅದೇ ಪುಟದಲ್ಲಿ ಮೂರು ಸಾಲಿನ ತಿದ್ದುಪಡಿ ಬಂತು. ಆ ಹದಿನೇಳು ವರ್ಷಗಳಲ್ಲಿ ಹೆಸರು ಬರೆಯುವ ಮುನ್ನ ಎರಡು ಸಲ ಕೇಳುವ ಅಭ್ಯಾಸವನ್ನು ನನಗೆ ಕಲಿಸಿದ್ದು ಯಾವ ಸಂಪಾದಕರೂ ಅಲ್ಲ, ಆ ಕಟ್ಟೆ.

ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ಹೇಳುತ್ತೇನೆ. ರಾತ್ರಿ ಹತ್ತೂವರೆಗೆ ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ‘ನಾಳೆ ಶಾಲೆಗಳಿಗೆ ರಜೆ’ ಎಂಬ ಜಿಲ್ಲಾಧಿಕಾರಿಯವರ ಆದೇಶದ ಪ್ರತಿ ಬಂತು. ಲಾಂಛನ, ಮೊಹರು, ಹಸಿರು ಶಾಯಿಯ ಸಹಿ, ಎಲ್ಲವೂ ಸರಿಯಾಗಿದ್ದವು. ಪಕ್ಕದ ಮನೆಯ ಹುಡುಗಿ ಮರುದಿನ ಮಲಗಿಯೇ ಇದ್ದಳು. ಶಾಲೆಯಲ್ಲಿ ಕಿರುಪರೀಕ್ಷೆ ನಡೆದುಹೋಯಿತು. ಅದು ಹಿಂದಿನ ವರ್ಷದ ಆದೇಶ, ಯಾರೋ ದಿನಾಂಕವನ್ನಷ್ಟೇ ಬದಲಿಸಿದ್ದರು. ಗುಂಪಿಗೆ ಹಾಕಿದವರನ್ನು ಕೇಳಿದರೆ ‘ನನಗೆ ಬಂದಿತ್ತು, ಕಳಿಸಿದೆ’ ಎಂದರು. ಅವರಿಗೆ ಕಳಿಸಿದವರೂ ಅದನ್ನೇ ಹೇಳಿದರು. ಹೀಗೆ ಐದು ಮನೆ ದಾಟುವವರೆಗೆ ವಿಚಾರಿಸಿ ಕೈಬಿಟ್ಟೆ, ಏಕೆಂದರೆ ಇಲ್ಲಿ ಹೋಗಿ ಕುಳಿತುಕೊಳ್ಳುವುದಕ್ಕೆ ಕಟ್ಟೆಯೇ ಇರಲಿಲ್ಲ.

ಸುದ್ದಿ ಬೇಗ ಬರುವುದರ ಬಗ್ಗೆ ನನಗೆ ತಕರಾರಿಲ್ಲ. ನಿಮ್ಮ ಊರುಗಳಲ್ಲಿ ಇಂಥ ಸುದ್ದಿಗೆ ಈಗ ಯಾರು ಹೊಣೆ ಹೊರುತ್ತಿದ್ದಾರೆಂದು ತಿಳಿಯುವ ಆಸೆಯಿದೆ.

ಬೆಳಗಿನ ನಾಲ್ಕೂವರೆ (ದಾವಣಗೆರೆ)

ನಾನು ಪತ್ರಿಕಾ ವಿತರಕ. ಬರೆಯುವವನಲ್ಲ, ಹಂಚುವವನು. ಬಂಡಲ್ ಇಳಿಯುವ ಜಾಗದಲ್ಲಿ ಪುರವಣಿ ಸೇರಿಸುತ್ತ ಕುಳಿತರೆ ಯಾವ ಪತ್ರಿಕೆ ಎಷ್ಟು ತೆಳ್ಳಗಾಗಿದೆ ಎಂಬುದು ಓದದೆಯೇ ಬೆರಳಿಗೆ ತಿಳಿಯುತ್ತದೆ. ನನ್ನ ಲೈನಿನಲ್ಲಿ ಈಗ ಹತ್ತು ವರ್ಷದ ಹಿಂದಿದ್ದ ಪ್ರತಿಗಳ ಅರ್ಧದಷ್ಟೂ ಇಲ್ಲ. ಜನ ಒಂದೇ ಸಲಕ್ಕೆ ಬಿಟ್ಟದ್ದು 2020ರ ಮಾರ್ಚಿನ ಲಾಕ್‌ಡೌನಿನಲ್ಲಿ. ಕಾಗದದಿಂದ ಕೊರೊನಾ ಬರುತ್ತದೆ ಎಂಬ ಮಾತು ಫೋನಿನಲ್ಲಿ ಹರಡಿತು, ಗೇಟಿನ ಹೊರಗಿನಿಂದಲೇ ‘ನಾಳೆಯಿಂದ ಬೇಡಪ್ಪ’ ಎಂದರು. ಸೋಂಕು ಹೋದ ಮೇಲೆ ಕೆಲವರು ಮರಳಿದರು. ಹೆಚ್ಚಿನವರಿಗೆ ಅಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬರುವ ಪಿಡಿಎಫ್ ರೂಢಿಯಾಗಿತ್ತು. ಹಾಗೆ ಹಂಚುವುದು ಕಾನೂನಿಗೆ ವಿರುದ್ಧವೆಂದು ಪತ್ರಿಕೆಗಳು ಆಗಲೇ ಎಚ್ಚರಿಸಿದ್ದವು, ಕೇಳಿದವರು ಕಡಿಮೆ.

ಪೇಪರ್ ನಿಲ್ಲಿಸಿದ ಮನೆಯವರೇ ಬೇಸಿಗೆಯಲ್ಲಿ ಮಾವಿನಕಾಯಿ ಹಣ್ಣಿಗಿಡಲು ಹಳೆಯ ಪೇಪರ್ ಇದೆಯೇ ಎಂದು ನನ್ನನ್ನು ಕೇಳುತ್ತಾರೆ. ಇನ್ನು ಸೈಕಲ್ ಹುಡುಗರು: ಓದಿನ ಖರ್ಚಿಗೆಂದು ನಸುಕಿನಲ್ಲಿ ಏಳುತ್ತಿದ್ದ ಹುಡುಗರು ಈಗ ಸಂಜೆ ಊಟದ ಡೆಲಿವರಿಗೆ ಹೋಗುತ್ತಾರೆ. ಅವರನ್ನು ನಾನು ದೂರುವುದಿಲ್ಲ, ಅಲ್ಲಿ ಕೈಗೆ ಹೆಚ್ಚು ಬರುತ್ತದೆ.

ಹೊಣೆಯ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಸುದ್ದಿ ತಪ್ಪಾದರೆ ಮೊದಲ ಬೈಗುಳ ಬೀಳುತ್ತಿದ್ದದ್ದು ಪೇಪರ್ ಹಾಕುವವನಿಗೆ. ನಮ್ಮ ತಪ್ಪಿಲ್ಲದಿದ್ದರೂ ಅದನ್ನು ಕೇಳಿಸಿಕೊಂಡು ಏಜೆಂಟರ ಮೂಲಕ ಕಚೇರಿಗೆ ತಲುಪಿಸುತ್ತಿದ್ದೆವು.

ಚಾಲಿ ಅಡಿಕೆ (ಶಿರಸಿ)

ಬಸ್‌ಕವರ್ ಅವರ ಮಾತು ಮನಸ್ಸಿಗೆ ತಟ್ಟಿತು, ಆದರೂ ಹಿಂದಿನದೆಲ್ಲ ಚೆನ್ನಾಗಿತ್ತು ಎಂಬ ಧ್ವನಿಯನ್ನು ನಾನು ಒಪ್ಪಲಾರೆ. ನಮ್ಮ ಮನೆಗೆ ಪತ್ರಿಕೆ ಬರುತ್ತಿದ್ದದ್ದು ಮಧ್ಯಾಹ್ನದ ಬಸ್ಸಿನಲ್ಲಿ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಎರಡು ದಿನದ್ದು ಒಟ್ಟಿಗೆ. ನಿನ್ನೆಯ ಅಡಿಕೆ ಧಾರಣೆಯನ್ನು ನಾಳೆ ಓದಿ ಮಾಡುವುದೇನು? ಈಗ ವ್ಯಾಪಾರ ಮುಗಿದ ಅರ್ಧ ಗಂಟೆಯಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರದ ದರಗಳು ಫೋನಿಗೆ ಬಂದಿರುತ್ತವೆ. 2000ದ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬರುವ ಮುಂಚೆ ಒಂದು ಪಹಣಿಗಾಗಿ ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ನನ್ನ ಅಪ್ಪ ಎಷ್ಟು ಸಲ ಅಲೆದಿದ್ದಾರೆಂದು ನನಗೆ ಗೊತ್ತು. ಈಗ ಸರ್ವೆ ನಂಬರು ಹಾಕಿದರೆ ಫೋನಿನಲ್ಲೇ ಕಾಣುತ್ತದೆ. ಇದನ್ನು ಬಿಟ್ಟು ಹಿಂದಕ್ಕೆ ಹೋಗೋಣವೆಂದರೆ ನಮ್ಮ ಮನೆಯಲ್ಲಿ ಯಾರೂ ಬರುವುದಿಲ್ಲ.

ಆದರೆ ಒಂದು ಸೂಕ್ಷ್ಮವಿದೆ. ಪತ್ರಿಕೆಯ ಪಟ್ಟಿಯಲ್ಲಿ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂಬ ಅಡಿಕೆಯ ಬಗೆಗಳಲ್ಲಿ ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ ಎಂಬ ಮೂರು ಅಂಕಿಗಳಿರುತ್ತಿದ್ದವು. ಗುಂಪುಗಳಲ್ಲಿ ಓಡಾಡುವ ಬಣ್ಣದ ಪಟ್ಟಿಯಲ್ಲಿ ಹೆಚ್ಚಿನ ಸಲ ಗರಿಷ್ಠ ಮಾತ್ರ. ಎಲ್ಲೋ ಒಬ್ಬರ ನಾಲ್ಕು ಚೀಲ ಒಳ್ಳೆಯ ಅಡಿಕೆಗೆ ಸಿಕ್ಕ ದರವನ್ನು ಊರಿನವರೆಲ್ಲ ತಮ್ಮ ದರವೆಂದು ತಿಳಿದು, ಇನ್ನೂ ಏರುತ್ತದೆ ಎಂದು ಅಡಿಕೆಯನ್ನು ಅಟ್ಟದಲ್ಲೇ ಇಟ್ಟುಕೊಳ್ಳುತ್ತಾರೆ. ನಾನೂ ಹಾಗೆ ಒಂದು ವರ್ಷ ಕಾದು ಕೆಟ್ಟೆ. ಅಂಕಿಯಲ್ಲಿ ಸುಳ್ಳಿರಲಿಲ್ಲ, ಪಕ್ಕದ ಎರಡು ಅಂಕಿಗಳನ್ನು ಕಿತ್ತುಹಾಕಿದ್ದರು ಅಷ್ಟೆ.

ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಲ್ಲಿ ಶುರುವಾದಾಗ ಅದರ ವಿಶೇಷವೇ ಕೃಷಿಕರು ತಾವೇ ಬರೆಯುವುದಾಗಿತ್ತು. ಓದುಗನೇ ಬರೆಯುವುದು ಫೋನಿನಿಂದ ಹುಟ್ಟಿದ ಹೊಸ ಸಂಗತಿಯೇನಲ್ಲ. ಅಲ್ಲಿ ಬರೆದವರ ಊರು, ವಿಳಾಸ ಜೊತೆಗಿರುತ್ತಿದ್ದವು, ಅನುಮಾನ ಬಂದರೆ ಅವರ ತೋಟಕ್ಕೇ ಹೋಗಿ ನೋಡಬಹುದಿತ್ತು.

ಊರಹುಡುಗ (ಹೊಸನಗರ, ಶಿವಮೊಗ್ಗ ಜಿಲ್ಲೆ)

ಹಿರಿಯರಿಗೆ ನಮಸ್ಕಾರ. ನಾನು ಮೂರು ವರ್ಷದಿಂದ ನಮ್ಮ ತಾಲ್ಲೂಕಿಗೆ ಯೂಟ್ಯೂಬ್ ಚಾನೆಲ್ ಮತ್ತು ಫೇಸ್‌ಬುಕ್ ಪುಟ ನಡೆಸುತ್ತಿದ್ದೇನೆ. ಈ ಚರ್ಚೆಯಲ್ಲಿ ಆರೋಪಿಯ ಸ್ಥಾನ ನನ್ನದೇ ಇರಬೇಕು, ಆದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಸರ್, ನಿಮ್ಮಂಥ ವರದಿಗಾರರು ಇದ್ದರೆಂದು ನಂಬುತ್ತೇನೆ. ನಾನು ಕಂಡದ್ದು ಬೇರೆ. ನಮ್ಮಲ್ಲಿ ಪತ್ರಿಕೆಯ ಪ್ರತಿನಿಧಿಯಾಗಿದ್ದವರು ಸ್ವಾತಂತ್ರ್ಯ ದಿನ, ರಾಜ್ಯೋತ್ಸವ, ದೀಪಾವಳಿ ಬಂತೆಂದರೆ ಶುಭಾಶಯದ ಜಾಹೀರಾತು ಕೇಳಿಕೊಂಡು ಗುತ್ತಿಗೆದಾರರ ಮತ್ತು ಮುಖಂಡರ ಮನೆಗೆ ಹೋಗಬೇಕಿತ್ತು. ಮೇಲಿನವರು ಗುರಿ ಕೊಡುತ್ತಿದ್ದರು. ನವೆಂಬರ್ ಒಂದರಂದು ಯಾರ ಫೋಟೊ ಕಾಲು ಪುಟದಲ್ಲಿ ಬಂದಿದೆಯೋ ಅವರು ಹಾಕಿಸಿದ ರಸ್ತೆಯ ಡಾಂಬರು ಕಿತ್ತುಹೋದದ್ದು ಡಿಸೆಂಬರಿನಲ್ಲಿ ಸುದ್ದಿಯಾಗುವುದು ಕಷ್ಟ. ಆಗ ಹೊಣೆ ಓದುಗನಿಗಿತ್ತೋ ಜಾಹೀರಾತು ಕೊಟ್ಟವರಿಗಿತ್ತೋ?

ನನಗೆ ಅಂಥ ಹಂಗಿಲ್ಲ, ಬೇರೆ ಹಂಗಿದೆ. ಪಟ್ಟಣ ಪಂಚಾಯಿತಿಯ ಸಭೆಯಲ್ಲಿ ಕುಡಿಯುವ ನೀರಿನ ವಿಷಯಕ್ಕೆ ಎರಡು ತಾಸು ಚರ್ಚೆಯಾದಾಗ ನೇರಪ್ರಸಾರ ಮಾಡಿದೆ. ನೋಡಿದವರು ನಲವತ್ತು ಜನ, ಅದರಲ್ಲಿ ಏಳು ಜನ ಸದಸ್ಯರ ಮನೆಯವರೇ ಇರಬೇಕು. ಮರುವಾರ ಒಂದು ಕೊಟ್ಟಿಗೆಯಲ್ಲಿ ಕಾಳಿಂಗ ಸರ್ಪ ಹಿಡಿದದ್ದನ್ನು ಹಾಕಿದೆ. ಆ ಒಂದು ಹಾವು ನನ್ನ ಮೊಬೈಲಿನ ಮೂರು ತಿಂಗಳ ಕಂತು ಕಟ್ಟಿತು. ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಜಮಾ ಆಯಿತೇ ಎಂದು ಹೆಂಗಸರು ಕಾತರದಿಂದ ಹುಡುಕುವುದನ್ನು ಕಂಡು ಕೆಲವು ಚಾನೆಲ್‌ಗಳು ದಿನವೂ ‘ಇಂದೇ ಜಮಾ’ ಎಂದು ಚಿತ್ರ ಅಂಟಿಸುತ್ತವೆ; ವಿಡಿಯೊ ತೆರೆದರೆ ಒಳಗೆ ಹಳೆಯ ಮಾತು. ನಾನೂ ಎರಡು ಸಲ ಹಾಗೆ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ನಮ್ಮ ಅತ್ತೆಯೇ ಫೋನ್ ಮಾಡಿ ‘ಬ್ಯಾಂಕಿಗೆ ಹೋಗಿ ಬಂದೆ ಕಣೋ, ಏನೂ ಬಂದಿಲ್ಲ’ ಎಂದ ಮೇಲೆ ಬಿಟ್ಟೆ.

ಕೆಂಪುಪೆನ್ನು (ಬೆಂಗಳೂರು)

ನಾನು ಮುದ್ರಣ ಪತ್ರಿಕೆಯ ಡೆಸ್ಕಿನಲ್ಲಿ ಹನ್ನೆರಡು ವರ್ಷವಿದ್ದು, ಈಗ ಒಂದು ಸುದ್ದಿತಾಣದಲ್ಲಿದ್ದೇನೆ. ಎರಡೂ ಕಡೆಯ ಉಪ್ಪು ತಿಂದದ್ದರಿಂದ ಹೇಳುತ್ತೇನೆ.

ದಿನಪತ್ರಿಕೆಯ ಕೊನೆಯ ಪುಟದ ತಳದಲ್ಲಿ ಸಾಮಾನ್ಯವಾಗಿ ಇರುವೆಗಾತ್ರದ ಅಕ್ಷರಗಳ ಒಂದು ಸಾಲಿರುತ್ತದೆ: ಮುದ್ರಕರು, ಪ್ರಕಾಶಕರು, ಮುದ್ರಣಾಲಯದ ವಿಳಾಸ, ಸಂಪಾದಕರು. ಸಂಪಾದಕರ ಹೆಸರಿನ ಪಕ್ಕದಲ್ಲೊಂದು ನಕ್ಷತ್ರ ಚಿಹ್ನೆ. ಸುದ್ದಿಗಳ ಆಯ್ಕೆಗೆ ಕಾಯ್ದೆಯ ಪ್ರಕಾರ ಇವರು ಜವಾಬ್ದಾರರು ಎಂಬುದು ಅದರ ಅರ್ಥ. ಆ ಕಾಯ್ದೆ 1867ರದು. ಬ್ರಿಟಿಷರು ಅದನ್ನು ಮಾಡಿದ್ದು ಪತ್ರಿಕೆಗಳ ಮೇಲೆ ಕಣ್ಣಿಡುವುದಕ್ಕೆ, ಓದುಗನ ಹಿತಕ್ಕಲ್ಲ. ಆದರೂ ತಪ್ಪು ಬರೆದವರನ್ನು ಹಿಡಿಯಲು ಸಾಮಾನ್ಯ ಮನುಷ್ಯನಿಗೆ ಅದೇ ಹಿಡಿಕೆಯಾಯಿತು. 2024ರ ಮಾರ್ಚ್ 1ರಿಂದ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಡಿಜಿಟಲ್ ಸುದ್ದಿಗೆ 2021ರ ಐಟಿ ನಿಯಮಗಳು ಕುಂದುಕೊರತೆ ಅಧಿಕಾರಿಯಿರಬೇಕು, ದೂರಿಗೆ ಹದಿನೈದು ದಿನಗಳಲ್ಲಿ ಉತ್ತರಿಸಬೇಕು ಎಂದವು. ಅದೇ ನಿಯಮಗಳ ನೀತಿಸಂಹಿತೆಯ ಭಾಗಕ್ಕೆ ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ತಡೆ ನೀಡಿತು, ಸರ್ಕಾರಕ್ಕೆ ಪತ್ರಕರ್ತರ ಮೂಗುದಾರ ಕೊಟ್ಟಂತಾಗುತ್ತದೆಂಬ ಆತಂಕ ನಿಜವಾದದ್ದೇ ಆಗಿತ್ತು. ಒಟ್ಟಿನಲ್ಲಿ ಈ ಎಳೆದಾಟ ಹೆಚ್ಚಾಗಿ ಸುದ್ದಿಸಂಸ್ಥೆಗಳದು. ಊರಹುಡುಗನ ಹಾವಿನ ತನಕ, ಸಿದ್ದಾಪುರದ ರಜಾ ಆದೇಶದ ತನಕ ಅದು ಇಳಿದು ಬರುವುದು ಅಪರೂಪ.

ನಮ್ಮ ಕೋಣೆಯ ಗೋಡೆಯ ಮೇಲೊಂದು ದೊಡ್ಡ ಪರದೆಯಿದೆ. ಯಾವ ಸುದ್ದಿಯನ್ನು ಈ ಕ್ಷಣ ಎಷ್ಟು ಜನ ತೆರೆದಿದ್ದಾರೆಂಬ ಅಂಕಿಗಳು ಅದರಲ್ಲಿ ಏರಿಳಿಯುತ್ತವೆ. ‘ನೀರಿನ ಕರ ಹೆಚ್ಚಳಕ್ಕೆ ಸದಸ್ಯರ ಆಕ್ಷೇಪ’ ಎಂದು ಶೀರ್ಷಿಕೆ ಕೊಟ್ಟರೆ ಅಂಕಿ ಅಲುಗುವುದಿಲ್ಲ. ಹತ್ತು ನಿಮಿಷದ ನಂತರ ಯಾರಾದರೂ ಬಂದು ಅದನ್ನು ‘ಭುಗಿಲೆದ್ದ ಆಕ್ರೋಶ’ ಮಾಡಿ ಹೋಗುತ್ತಾರೆ. ಸಭೆಯಲ್ಲಿ ಏನೂ ಭುಗಿಲೆದ್ದಿರುವುದಿಲ್ಲ, ಚಹಾ ಕೂಡ ಆರಿಹೋಗಿರುತ್ತದೆ. ತಪ್ಪಾದರೆ ತಿದ್ದುಪಡಿ ಪ್ರಕಟಿಸುವ ಪದ್ಧತಿಯೂ ಮಾಯವಾಗುತ್ತಿದೆ. ಸಾಲನ್ನು ಸದ್ದಿಲ್ಲದೆ ಬದಲಿಸಿಬಿಟ್ಟರೆ ತಪ್ಪೇ ನಡೆದಿರಲಿಲ್ಲವೆಂಬಂತೆ ಪುಟ ನಗುತ್ತಿರುತ್ತದೆ. ಮುದ್ರಣದಲ್ಲಿ ಈ ಸೌಕರ್ಯವಿರಲಿಲ್ಲ; ಅಚ್ಚಾದದ್ದು ಅಚ್ಚಾಯಿತು.

ಇನ್ನೊಂದು ನಷ್ಟವನ್ನು ಹೊರಗಿನವರು ಅಷ್ಟಾಗಿ ಗಮನಿಸಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಮಾನ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ನಮ್ಮ ಪತ್ರಿಕೆಗಳು ಅದಾದ ಮೇಲೂ ಬಹುಕಾಲ ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ಹೊದಿಸಿದ ಆಸ್ಕಿ ಫಾಂಟುಗಳಲ್ಲೇ ಪುಟ ಕಟ್ಟಿದವು. ಅಂಥ ಹಳೆಯ ಕಡತವನ್ನು ಇಂದು ತೆರೆದರೆ ಕನ್ನಡದ ಬದಲು ಕಿರೀಟ, ಬಾಲ ಹಚ್ಚಿಕೊಂಡ ರೋಮನ್ ಅಕ್ಷರಗಳ ಜಾತ್ರೆ. ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು ದಾರಿ ತಪ್ಪಿ ‘ಕರ್ನಾಟಕ’ ಹೋಗಿ ‘ಕನರ್ಾಟಕ’ ಆಗುತ್ತದೆ. ಹಾಗೆ ಸಿಕ್ಕಿಕೊಂಡ ಪದವನ್ನು ಯಾವ ಹುಡುಕುತಾಣವೂ ಹುಡುಕಿ ಕೊಡುವುದಿಲ್ಲ. ಬಸ್‌ಕವರ್ ಅವರು ಆ ಮೂರು ಸಾಲಿನ ತಿದ್ದುಪಡಿಯನ್ನು ಇಂದು ಅಂತರ್ಜಾಲದಲ್ಲಿ ಹುಡುಕಿದರೆ ಸಿಗಲಾರದು. ಸುಳ್ಳು ರಜಾ ಆದೇಶ ಮಾತ್ರ ಯಾರದೋ ಫೋನಿನಲ್ಲಿ ಭದ್ರವಾಗಿರುತ್ತದೆ.

ಬೀದರಿನವಳು

ಇಲ್ಲಿ ಪರೀಕ್ಷೆ ತಪ್ಪಿದ್ದು, ಅಡಿಕೆ ದರ ತಪ್ಪಿದ್ದು ಎಂದು ಬರೆಯುತ್ತಿದ್ದೀರಿ. ನಮ್ಮ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈ 13ರಂದು ಒಬ್ಬ ಮನುಷ್ಯನ ಜೀವವೇ ಹೋಯಿತು. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಸ್ನೇಹಿತರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಮಾತಿನೊಂದಿಗೆ ವಿಡಿಯೊ ಅವರ ಕಾರಿಗಿಂತ ಮುಂದೆ ಓಡಿತು. ಮುಂದಿನ ಊರಿನಲ್ಲಿ ಜನ ರಸ್ತೆಗೆ ಅಡ್ಡ ಹಾಕಿಕೊಂಡು ಕಾದಿದ್ದರು. ಸತ್ತವನು ಸಾಫ್ಟ್‌ವೇರ್ ಎಂಜಿನಿಯರ್. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಬಂಧಿತರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದ.

ಅದೇ ತಿಂಗಳು ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. 2020ರಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದು ಬಿಗಿ ಮಾಡಿತು. ಎರಡು ಬಾಣದ ಗುರುತು ಕಂಡರೆ ಅದು ಊರೂರು ಸುತ್ತಿ ಬಂದದ್ದೆಂದು ನಾನು ನಮ್ಮ ಮಹಿಳಾ ಸಂಘದಲ್ಲಿ ಹೇಳಿಕೊಟ್ಟೆ. ಒಬ್ಬ ಆಯಿ, ‘ಅಷ್ಟು ಮಂದಿ ಕಳಿಸ್ಯಾರಂದ್ರ ಖರೇನೇ ಇರಬೇಕಲ್ಲ ತಂಗಿ’ ಎಂದಳು. ಅವಳಿಗೆ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಫೋನಿಗೆ ಮುಂಚೆ ನಮ್ಮೂರಲ್ಲಿ ಗಾಳಿಮಾತು ಇರಲಿಲ್ಲವೇ ಎಂದು ಕೇಳುವವರಿಗೆ: ಇತ್ತು, ಕಾರಿಗಿಂತ ಜೋರಾಗಿ ಓಡುತ್ತಿರಲಿಲ್ಲ.

ಟೊರಾಂಟೊ ಕನ್ನಡಿಗ

ದೂರದಿಂದ ಒಂದು ಮಾತು ಸೇರಿಸುತ್ತೇನೆ. ಸುದ್ದಿಯ ಜಾಹೀರಾತಿನ ಹಣವೆಲ್ಲ ಗೂಗಲ್, ಫೇಸ್‌ಬುಕ್‌ಗಳಿಗೆ ಹೋಗುತ್ತಿದೆ, ಅವು ಸುದ್ದಿಸಂಸ್ಥೆಗಳಿಗೆ ಪಾಲು ಕೊಡಬೇಕು ಎಂದು ಕೆನಡಾ 2023ರಲ್ಲಿ ಕಾನೂನು ಮಾಡಿತು. ಗೂಗಲ್ ವರ್ಷಕ್ಕೆ 10 ಕೋಟಿ ಕೆನಡಿಯನ್ ಡಾಲರ್ ಕೊಡಲು ಒಪ್ಪಿತು. ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ ಒಪ್ಪದೆ, ಆಗಸ್ಟ್‌ನಿಂದ ಇಲ್ಲಿನ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿ ಸುದ್ದಿಯನ್ನೇ ನಿಲ್ಲಿಸಿತು. ಕೆನಡಾದ ಸುದ್ದಿ ಮಾತ್ರವಲ್ಲ, ನನಗೆ ಕನ್ನಡ ಪತ್ರಿಕೆಗಳ ಪುಟಗಳೂ ಖಾಲಿಯಾಗಿ ಕಾಣುತ್ತವೆ.

ಹಾಗೆಂದು ಸುದ್ದಿ ನಿಂತಿದೆಯೇ? ಧಾರವಾಡದಿಂದ ಅವ್ವ ದಿನವೂ ಪತ್ರಿಕೆಯ ತುಣುಕುಗಳ ಫೋಟೊ ಕಳಿಸುತ್ತಾಳೆ. ಪತ್ರಿಕೆಯ ಹೆಸರು ಫೋಟೊದಲ್ಲಿ ಬಂದಿರುವುದಿಲ್ಲ, ದಿನಾಂಕ ಕತ್ತರಿಸಿರುತ್ತದೆ, ಕೆಲವೊಮ್ಮೆ ಶೀರ್ಷಿಕೆಯ ಮೇಲೆ ಅವಳ ಹೆಬ್ಬೆರಳಿರುತ್ತದೆ. ಕಾನೂನು ಮಾಡಿದ್ದು ಸುದ್ದಿ ಬರೆದವನಿಗೆ ಹಣ ಸಿಗಲೆಂದು. ನನ್ನ ಪಾಲಿಗೆ ಬರೆದವನ ಹೆಸರೂ ಅಳಿಸಿಹೋಯಿತು. ಭಾರತದಲ್ಲಿಯೂ ಡಿಜಿಟಲ್ ಸುದ್ದಿ ಪ್ರಕಾಶಕರ ದೂರಿನ ಮೇಲೆ ಸ್ಪರ್ಧಾ ಆಯೋಗವು 2022ರ ಜನವರಿಯಲ್ಲಿ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತ್ತು. ಅಲ್ಲಿ ಪಾಲು ಸಿಕ್ಕರೂ ಅದು ದೊಡ್ಡ ಸಂಸ್ಥೆಗಳ ಬಾಗಿಲಲ್ಲೇ ಉಳಿದು, ತಾಲ್ಲೂಕಿನ ಅರೆಕಾಲಿಕ ವರದಿಗಾರನ ತನಕ ಇಳಿಯಲಾರದೆಂಬುದು ನನ್ನ ಅನುಮಾನ.

ಬಸ್‌ಕವರ್

ಎಲ್ಲವನ್ನೂ ಓದಿದೆ. ಊರಹುಡುಗ ಬರೆದ ಜಾಹೀರಾತಿನ ಮಾತು ಸುಳ್ಳಲ್ಲ. ನಾನೂ ರಾಜ್ಯೋತ್ಸವಕ್ಕೆ ಶುಭಾಶಯ ಕೇಳಿಕೊಂಡು ಹೋಗಿದ್ದೇನೆ, ಅದನ್ನು ಮೇಲೆ ಬರೆಯದೆ ಬಿಟ್ಟೆ. ಚಾಲಿ ಅಡಿಕೆಯವರು ಹೇಳಿದ ಮೂರು ಅಂಕಿಗಳ ಮಾತು ನನಗೆ ಹೊಳೆದಿರಲಿಲ್ಲ.

1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ದ ವಿಷಯಗಳಲ್ಲಿ ‘ಊರ ವರ್ತಮಾನ’ವೂ ಒಂದಾಗಿತ್ತು. ಕನ್ನಡದ ಮೊದಲ ಪತ್ರಿಕೆಯೇ ಊರಿನ ಸುದ್ದಿಗೆ ಜಾಗ ಕೊಟ್ಟಿತ್ತು ಎಂಬುದು ನನ್ನಂಥವರಿಗೆ ಹೆಮ್ಮೆ. ಇರಲಿ. ತಮ್ಮಾ, ನಿನ್ನಲ್ಲಿ ಎರಡು ಕೇಳುತ್ತೇನೆ. ನಿನ್ನ ಪುಟದಲ್ಲಿ ನಿನ್ನ ಹೆಸರು, ಕೂರುವ ಜಾಗ, ಫೋನ್ ನಂಬರು ಕಾಣುವಂತೆ ಹಾಕಲು ಸಾಧ್ಯವೇ? ಮತ್ತೆ, ತಪ್ಪಾದ ವಿಡಿಯೊವನ್ನು ಅಳಿಸುವ ಬದಲು, ತಪ್ಪಾಗಿತ್ತು ಎಂದು ಅದರ ಮೇಲೇ ಬರೆದು ಉಳಿಸುತ್ತೀಯಾ?

ಊರಹುಡುಗ

ಮೊದಲನೆಯದು ಮಾಡಿದ್ದೇನೆ ಸರ್. ಕೂರುವ ಜಾಗವೆಂದರೆ ನಮ್ಮ ಮಾವನ ಝೆರಾಕ್ಸ್ ಅಂಗಡಿ, ಮುಂದೆ ಕಟ್ಟೆಯೂ ಇದೆ. ಎರಡನೆಯದು ಕಷ್ಟ, ತಪ್ಪಾದ ವಿಡಿಯೊವನ್ನು ಉಳಿಸಿದರೆ ಜನ ಮೇಲಿನ ಬರಹ ಓದದೆ ಅದನ್ನೇ ಮತ್ತೆ ಹಂಚುತ್ತಾರೆ. ಅಳಿಸಿ, ಯಾವುದನ್ನು ಯಾಕೆ ಅಳಿಸಿದೆನೆಂದು ಪುಟದ ತಲೆಯಲ್ಲಿ ಒಂದು ವಾರ ಬರೆದಿಡುತ್ತೇನೆ. ಗೃಹಲಕ್ಷ್ಮಿಯ ಆ ಎರಡು ವಿಡಿಯೊಗಳಿಂದಲೇ ಶುರು ಮಾಡಿದೆ. ಅತ್ತೆ ಹೆಬ್ಬೆಟ್ಟಿನ ಚಿತ್ರ ಒತ್ತಿದ್ದಾರೆ.

ಇಲ್ಲಿ ಸಂಜೆಯಿಂದ ಒಂದೇ ಸಮನೆ ಮಳೆ. ಈಗಷ್ಟೇ ಮೂರು ಗುಂಪುಗಳಲ್ಲಿ ನಾಳೆ ರಜೆಯ ಆದೇಶ ಬಂದಿದೆ, ಎರಡು ಬಾಣದ ಗುರುತಿದೆ, ದಿನಾಂಕದ ಅಂಕಿಗಳು ಉಳಿದ ಅಕ್ಷರಗಳಿಗಿಂತ ಸ್ವಲ್ಪ ದಪ್ಪ ಕಾಣುತ್ತಿವೆ. ಚಾನೆಲ್‌ಗೆ ಹಾಕಲಿಲ್ಲವೇಕೆಂದು ಹನ್ನೊಂದು ಜನ ಕೇಳಿದ್ದಾರೆ. ಶಿಕ್ಷಣಾಧಿಕಾರಿಗಳ ಕಚೇರಿಯವರೊಬ್ಬರಿಗೆ ಫೋನ್ ಹಚ್ಚಿದ್ದೇನೆ, ಇನ್ನೂ ಎಂಗೇಜ್ ಬರುತ್ತಿದೆ.